ಮೀನಿನ ಹೊಟ್ಟೆಯ ಮೇಲೆ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದೆ
ಮೂರು ಮೆಟ್ಟಿಲಿಳಿದರೆ ನನ್ನ ಅಂಗಡಿ.
ಲಾದ್ರು ಪಿಂಟೊ ಬಂದ,
ನಲವತ್ತು ವರ್ಷ ಎಸ್ಟೇಟಿನ ರೈಟರಾಗಿದ್ದವನು.
ಅಂಗಿಗುಂಡಿಗಳ ಬಿಸ್ಕತ್ ಡಬ್ಬಿಯಿಂದ
ಹೆಕ್ಕಿ ತೆಗೆದ ಒಂದು ಬೆಳ್ಳಿ ಬಿಲ್ಲೆ.

"ದೊರೆ ಬಿಟ್ಟುಹೋದ ಡ್ರಾಯರಿನದು, ಆಚಾರ್ರೇ.
ಗ್ರೀಸ್ ದೇಶದ್ದಂತೆ, ಮೊಮ್ಮಗಳು ಫೋನಿನಲ್ಲಿ ನೋಡಿದಳು.
ಅವಳಿಗೇ ಪದಕ ಮಾಡಿ. ನೆತ್ತಿಗೊಂದು ತೂತು,
ಒಂದು ಕೊಂಡಿ. ಸಾಕು."

ತೂಗಿದೆ. ಒಂದೂವರೆ ತೊಲಕ್ಕೆ ಎರಡು ಗುಲಗಂಜಿ ಕಮ್ಮಿ.
ಅಂಚು ತಿರುಗಿಸಿದೆ. ಅರದ ಗುರುತಿಲ್ಲ, ಎರಕದ ಗುಳ್ಳೆಯಿಲ್ಲ,
ಒಂದು ಕಡೆ ಮಾತ್ರ ಸೀಳು.
ಕಾದ ಬೆಳ್ಳಿ ಸುತ್ತಿಗೆಯಡಿ ಹೀಗೇ ಬಾಯಿಬಿಡುತ್ತದೆ.
ಹಿಂಬದಿಗೆ ನಾಲ್ಕು ಕುದುರೆ ಓಡುತ್ತಿವೆ,
ಎಣಿಸಿದೆ, ಹದಿನಾರು ಕಾಲೂ ಇವೆ.

ಆಮೇಲೆ ಕಣ್ಣಿಗೆ ಮಸೂರ ಸಿಕ್ಕಿಸಿದೆ.

ಅಣ್ಣ, ನೀನು ಯಾರೋ.
ನಿನ್ನ ಊರಿನ ಹೆಸರು ನನ್ನ ನಾಲಗೆಗೆ ಹತ್ತುವುದಿಲ್ಲ.
ಆದರೆ ಈ ಹೆಣ್ಣಿನ ಕೂದಲು ಗೊತ್ತು,
ತಲೆಗೆ ಮಿಂದು, ಒರೆಸದೆ ಹೊರಬಂದ ಕೂದಲು.
ಕಿವಿಯ ಹಿಂದಿನಿಂದ ಒಂದೆಳೆ ತಪ್ಪಿಸಿಕೊಂಡಿದೆ.
ಅದನ್ನು ಯಾರೂ ಹೇಳಿ ಕೊರೆಸಿರಲಾರರು.
ಸುತ್ತ ನಾಲ್ಕು ಮೀನು, ಹಂದಿಮೂತಿಯವು,
ಅವಳ ಉಸಿರಿನಲ್ಲೇ ಈಜುತ್ತಿವೆ.

ಇದನ್ನೆಲ್ಲ ನೀನು ಮಗುಚಿ ಕೊರೆದೆ,
ಬಲವನ್ನು ಎಡವಾಗಿ, ಉಬ್ಬನ್ನು ತಗ್ಗಾಗಿ,
ಕೆನ್ನೆ ಎಂದರೆ ಗುಂಡಿ ಎಂದುಕೊಂಡು.
ನಾನೂ ಹಾಗೇ. ಕರಡಿಗೆಯ ಮುಚ್ಚಳಕ್ಕೆ
ನಂದಿಯ ಅಚ್ಚು ಕೊರೆಯುತ್ತಿದ್ದ ದಿನಗಳಲ್ಲಿ
ಊಟದೆಲೆಯೂ ತಿರುವುಮುರುವು ಕಾಣುತ್ತಿತ್ತು.
"ಎಡಗೈಲಿ ಉಣ್ಣಬೇಡಿ" ಎಂದು ನಗುತ್ತಿದ್ದಳು ಹೆಂಡತಿ.

ಮೂಗಿನ ಪಕ್ಕ ಒಂದು ಏರುಗೆರೆ.
ಪಿಂಟೊ ಅದನ್ನು ಸುಕ್ಕು ಅಂದ.
ಸುಕ್ಕಲ್ಲ. ನಿನ್ನ ಅಚ್ಚು ಬಿರಿದಿತ್ತು.
ಬಿರಿದದ್ದು ಕಂಡೂ ಹೊಡೆದರು.
ಸಂಬಳಕ್ಕೆ ಕಾದ ಸಿಪಾಯಿಗಳಿದ್ದರೋ,
ಹೊಸ ಅಚ್ಚಿಗೆ ಪುರುಸೊತ್ತಿರಲಿಲ್ಲವೋ.
ಪಕ್ಕದಲ್ಲೇ ನಿಂತಿದ್ದೆಯಾ ನೀನು?
ಏಟಿಗೊಂದಿಷ್ಟು ಅದು ಬೆಳೆಯುವುದನ್ನು
ಎಣಿಸಿದೆಯಾ?

ಕೊನೆಗೆ ಸಿಕ್ಕಿತು,
ಕತ್ತಿನ ಕೆಳಗಿನ ಮೀನಿನ ಹೊಟ್ಟೆಯ ಮೇಲೆ
ಸಾಸಿವೆಯ ಕಾಲು ಭಾಗವೂ ಇಲ್ಲದ ನಾಲ್ಕೈದು ಅಕ್ಷರ.
ಓದಲು ಬಾರದು ನನಗೆ.
ರಾಜನ ಹೆಸರಾಗಿದ್ದರೆ ಇಷ್ಟು ಸಣ್ಣಗೆ ಬರೆಯುತ್ತಿರಲಿಲ್ಲ,
ದೇವರದಾಗಿದ್ದರೆ ಅಡಗಿಸುತ್ತಿರಲಿಲ್ಲ.

ನಮ್ಮಪ್ಪ ಮೌನಾಚಾರಿ
ಆಯುಷ್ಯವಿಡೀ ಎಲ್ಲೂ ಹೆಸರು ಹಾಕಲಿಲ್ಲ.
ಕರಡಿಗೆಯ ಒಳತಳದಲ್ಲಿ ಒಂದೇ ಚುಕ್ಕೆ.
"ಯಾರಿಗೆ ಕಾಣುತ್ತಪ್ಪಾ?" ಅಂದಿದ್ದೆ.
"ಕಾಣೋ ಕಡೆ ಇಟ್ಟರೆ ಇನಾಮು ಕೇಳಿದ ಹಾಗೆ."
ನಾನು ಆ ಚುಕ್ಕೆಯನ್ನೂ ಬಿಟ್ಟೆ.
ಈಗ ಮುಚ್ಚಳಗಳು ಸೇಲಂನಿಂದ
ಡಜನ್ ಲೆಕ್ಕದಲ್ಲಿ ಬರುತ್ತವೆ, ಬೆಸುಗೆ ನನ್ನದು, ಅಷ್ಟೆ.

ಡ್ರಿಲ್ಲು ಎತ್ತಿದೆ.
ನೆತ್ತಿ ಅಂದನಲ್ಲ, ಅಲ್ಲೂ ಒಂದು ಮೀನು.
ಕೆಳಗಿಟ್ಟೆ.

"ತೂತು ಬೇಡ ಪಿಂಟೊ. ಸುತ್ತ ಒಂದು ಬಳೆ ಮಾಡಿ
ನಾಲ್ಕು ಉಗುರಲ್ಲಿ ಹಿಡಿಸುತ್ತೇನೆ."
"ಖರ್ಚು ಜಾಸ್ತಿಯೋ? ನಕಲಿಯೂ ಇರಬಹುದು ಅಂತಾಳೆ ಹುಡುಗಿ."
"ಅಷ್ಟೇ ಕೊಡು."
ನಕಲಿ ಮಾಡಿದವನೂ ಈ ಕೂದಲ ಮುಂದೆ
ತಿಂಗಳುಗಟ್ಟಲೆ ಕೂತಿರಬೇಕು, ಪಾಪ.

ರಾತ್ರಿ ಬಳೆ ಬೆಸೆದು, ಹುಣಿಸೆನೀರಲ್ಲಿ ತೊಳೆದು,
ನಾಣ್ಯ ಕೂತರೆ ಮುಚ್ಚಿಹೋಗುವ ಒಳಮೈಗೆ
ಮೊನೆಯುಳಿ ಇಟ್ಟು ಒಂದು ಚುಕ್ಕೆ ತಟ್ಟಿದೆ.
ಸ್ವಲ್ಪ ಹೊತ್ತು ಬಿಟ್ಟು
ಪಕ್ಕದಲ್ಲಿ ಇನ್ನೊಂದು.

ಬೆಳಿಗ್ಗೆ ಬಂದ ಪಿಂಟೊ
ಕೊಂಡಿಯನ್ನು ಎರಡು ಸಲ ಜಗ್ಗಿ ನೋಡಿ
"ಗಟ್ಟಿ ಉಂಟು" ಅಂದ.