ನೆಲಮಾಳಿಗೆ: ಅಪೂರ್ಣ

ಮನೆ ಕಟ್ಟಿದವರು ಬೇರೆ, ನಾನು ಬೆಲೆ ಕಟ್ಟುವವಳು.
ಕೌಂಟಿಯ ಬಿಳಿ ಕಾರು, ಕೊರಳಲ್ಲಿ ಗುರುತಿನ ಚೀಟಿ,
ಅದರಲ್ಲಿ ಲೋರೇನ್ ದುಬಿಟ್ಸ್ಕಿ, ಹದಿನೈದು ವರ್ಷ ಹಿಂದಿನ ಮುಖ.
ಬಾಗಿಲು ತೆರೆದವರು ಮೊದಲು ಚೀಟಿ ನೋಡುತ್ತಾರೆ, ಆಮೇಲೆ ನನ್ನನ್ನು,
ಆಮೇಲೆ ತಮ್ಮ ಮನೆಯನ್ನೇ ಒಮ್ಮೆ,
ಯಾರದೋ ಎಂಬಂತೆ.

ಫಿಲಡೆಲ್ಫಿಯಾದಿಂದ ರೈಲಿನಲ್ಲಿ ನಲವತ್ತು ನಿಮಿಷ.
ಆ ನಲವತ್ತು ನಿಮಿಷಕ್ಕೂ ಬೆಲೆಯಿದೆ, ನನ್ನ ಪಟ್ಟಿಯಲ್ಲಿದೆ.
ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವೇ, ಕೂಡಿಸು;
ರೈಲಿನ ಸದ್ದಿಗೆ ಗಾಜು ನಡುಗುತ್ತದೆಯೇ, ಕಳೆ.
ಮೇಪಲ್ ಮರಕ್ಕೆ ಕಾಲಂ ಇಲ್ಲ.
ಪಕ್ಕದವರು ನಿಮ್ಮ ಬಾಗಿಲ ಹಿಮವನ್ನೂ ಗೋರಿ ಹಾಕುತ್ತಾರೆಯೇ,
ಅದಕ್ಕೂ ಇಲ್ಲ.
ಶಾಲೆ ಚೆನ್ನಾಗಿದೆಯೇ ಎಂಬುದೊಂದೇ
ಎಲ್ಲ ಕಾಲಮ್ಮುಗಳ ಹಿಂದೆ ನಿಂತು ಉಸಿರಾಡುತ್ತದೆ.

ನಾನಿರುವುದು ಎರಡು ಕೌಂಟಿ ಆಚೆ, ಬಾಡಿಗೆಗೆ,
ಡ್ರೈ ಕ್ಲೀನಿಂಗ್ ಅಂಗಡಿಯ ಮೇಲೆ.
ಇಲ್ಲಿ ಬೆಲೆ ಕಟ್ಟಿದ ಹನ್ನೊಂದು ಸಾವಿರ ಮನೆಗಳಲ್ಲಿ
ನನ್ನ ಸಂಬಳಕ್ಕೆ ದಕ್ಕುವಂಥದ್ದು ಒಂದಿತ್ತು.
ಕೆಡವಿದರು.

ಕಳೆದ ವಾರ ಸಭೆ: ಹಳೆಯ ಗಾಲ್ಫ್ ಮೈದಾನದಲ್ಲಿ
ಅರವತ್ತು ಫ್ಲ್ಯಾಟು ಕಟ್ಟುವ ಮಾತು.
ಒಬ್ಬೊಬ್ಬರೂ ಎದ್ದು, ನಾವೇನೂ ವಿರೋಧಿಗಳಲ್ಲ, ಆದರೆ, ಅಂದರು.
ಟ್ರಾಫಿಕ್ಕು ಅಂದರು, ಚರಂಡಿ ಅಂದರು, ಊರಿನ ಚಹರೆ ಅಂದರು.
ಒಬ್ಬಾಕೆ ನೆರಳಿನ ಮಾತಾಡಿದಳು:
ಮೂರನೇ ಅಂತಸ್ತಿನ ನೆರಳು ಸಂಜೆ ನಾಲ್ಕಕ್ಕೆ
ತನ್ನ ಟೊಮ್ಯಾಟೊ ಗಿಡ ಮುಟ್ಟುತ್ತದಂತೆ.
ಮನಸ್ಸಿನಲ್ಲೇ ಅಳೆದೆ. ಸುಳ್ಳಲ್ಲ, ಮುಟ್ಟುತ್ತದೆ.

ಇವತ್ತು ಮಧ್ಯಾಹ್ನ ಓಡೆಲ್ ವಿಟ್‌ಕೂಂಬನ ಮನೆ.
ಟೈರು ಕಾರ್ಖಾನೆಯ ಕೊನೆಯ ಪಾಳಿಯವನು, ಎಪ್ಪತ್ತೊಂಬತ್ತು ತುಂಬಿದೆ,
ಜಗುಲಿಯ ಕೊಳೆತ ಹಲಗೆ ಕಿತ್ತು ತಾನೇ ಹೊಸದು ಹೊಡೆದಿದ್ದಾನೆ,
ಬೂದು ಹಲಗೆಗಳ ನಡುವೆ ನಾಲ್ಕು ಹಳದಿ.
'ಕೊಳೆಯಲು ಬಿಟ್ಟಿದ್ದರೆ ಎಷ್ಟು ಉಳಿಯುತ್ತಿತ್ತು?'
ತಮಾಷೆ ಅಂದುಕೊಂಡೆ. ಅವನು ನಗಲಿಲ್ಲ.
'ಮಾರಲು ಹೊರಟವನಲ್ಲ ನಾನು.
ಮಾರದವನ ಮನೆಗೆ ಬೆಲೆ ಏರುವುದು ಹೇಗೆ?'
ಇದಕ್ಕೆ ಉತ್ತರ ನಮ್ಮ ತರಬೇತಿಯಲ್ಲಿದೆ, ನಾಲ್ಕನೆಯ ಪಾಠ.
ಸುಮ್ಮನೆ ಟೇಪು ಎಳೆದೆ.
ಇನ್ನೊಂದು ತುದಿ ಅವನೇ ಹಿಡಿದುಕೊಂಡ.

ನೆಲಮಾಳಿಗೆ ನೋಡಬೇಕು ಅಂದೆ.
ಕೀಲಿ ಹುಡುಕಿದ. ಬಹಳ ಹೊತ್ತು ಹುಡುಕಿದ.
ಕೀಲಿ ಬಾಗಿಲಲ್ಲೇ ಇತ್ತು.

ಕೆಳಗೆ ಬಾಯ್ಲರಿನ ಪಕ್ಕ ಹಾಸಿಗೆ, ಮಡಿಸಿಟ್ಟ ಹೊದಿಕೆ,
ಕರೆಂಟಿನ ಪುಟ್ಟ ಒಲೆ, ತೊಳೆದು ಬೋರಲು ಹಾಕಿದ ಎರಡು ತಟ್ಟೆ.
ಮೊಳೆಗೆ ತೂಗುಬಿದ್ದ ಹಸಿರು ಏಪ್ರನ್,
ಎದೆಯ ಮೇಲೆ ಹೊಲಿದ ಹೆಸರು ಯೆಸೇನಿಯಾ:
ಈ ಬೀದಿಯ ಬೆಲೆ ಏರಿಸಿದ ಅದೇ ಒಳ್ಳೆಯ ಶಾಲೆಯಲ್ಲಿ
ಮಕ್ಕಳಿಗೆ ಊಟ ಬಡಿಸುವವಳು.
ಗೇಣಗಲ ಕಿಟಕಿ, ಅದರಾಚೆ ಹುಲ್ಲಿನ ಬುಡ,
ಅಂಚಿನಲ್ಲಿ ಒಣಗಲಿಟ್ಟ ಹುಡುಗನ ಬೂಟು.

'ತಿಂಗಳಿಗೆ ನಾನೂರು ಕೊಡುತ್ತಾಳೆ' ಅಂದ ಓಡೆಲ್,
'ನೇರ ನಿಮಗೇ ಬರುತ್ತದೆ, ತೆರಿಗೆಗೆ.'

ಎತ್ತರ ಅಳೆದೆ: ಆರಡಿ ಎರಡಿಂಚು.
ಏಳಡಿ ಇಲ್ಲದ ಜಾಗ ವಾಸಕ್ಕೆ ಯೋಗ್ಯವಲ್ಲ,
ಕಾನೂನಿನ ಪ್ರಕಾರ ಇಲ್ಲಿ ಯಾರೂ ಇರಲಾರರು,
ಅಂದಮೇಲೆ ಯಾರೂ ಇಲ್ಲ.
ಇದು ನಾನು ನನಗೇ ಹೇಳಿಕೊಂಡದ್ದು, ಮೆಟ್ಟಿಲು ಹತ್ತುತ್ತಾ.
ಇಲ್ಲ, ಅಪೂರ್ಣ, ವಾಸಯೋಗ್ಯ, ಮೂರು ಚೌಕಗಳು.
ನಡುವಿನದಕ್ಕೆ ಗುರುತು ಹಾಕಿದೆ.
ಸುಳ್ಳು ಬರೆದೆ ಅನ್ನಿಸಲಿಲ್ಲ.

ಹಳದಿ ಹಲಗೆಗಳನ್ನು ಬಿಡಲಾಗಲಿಲ್ಲ, ರಸ್ತೆಗೇ ಕಾಣುತ್ತವೆ.
ವರ್ಷಕ್ಕೆ ನಲವತ್ತೆರಡು ಡಾಲರು ಹೆಚ್ಚು.
ಅವನು ತಲೆಯಾಡಿಸಿ, ಗಡಿಯಾರ ನೋಡಿ, ಅಂದ:
'ಮೂರಕ್ಕೆ ಶಾಲೆ ಬಿಡುತ್ತದೆ.
ಕೌಂಟಿಯ ಕಾರು ಕಂಡರೆ ಹುಡುಗ ಮನೆಗೆ ಬರುವುದಿಲ್ಲ,
ಬೀದಿ ಸುತ್ತುತ್ತಾನೆ.'

ಎರಡೂ ಐವತ್ತಕ್ಕೆ ಕಾರು ತೆಗೆದೆ.