ಅಕ್ಷರಕ್ಕೆ ಆರು ರೂಪಾಯಿ

ಅಘನಾಶಿನಿ ದಂಡೆಯ ಉಪಕೇಂದ್ರದ ಗೋಡೆಗೆ
ಇಲಾಖೆಯ ಧ್ಯೇಯೋದ್ದೇಶ ಬರೆಯುವ ಕೆಲಸ ನನ್ನದು.
ಒಟ್ಟು ಏಳು ಸಾಲು, ಬಿಳಿ ನೆಲ, ನೀಲಿ ಬಣ್ಣ,
ಅಕ್ಷರಕ್ಕೆ ಆರು ರೂಪಾಯಿ.
ಒತ್ತಿಗೆ ಬೇರೆ ದುಡ್ಡಿಲ್ಲ ಎಂದಿದ್ದಾರೆ ಕುಮಟೆಯ ಗುಮಾಸ್ತರು.
ಹಾಗಾಗಿ 'ಸ್ವಾಸ್ಥ್ಯ' ಎಂದರೆ ನನಗೆ ಹನ್ನೆರಡೇ ರೂಪಾಯಿ;
ಕೆಳಗೆ ಜೋತುಬಿದ್ದ ಮೂರು ಒತ್ತು
ಸರಕಾರಕ್ಕೆ ನನ್ನ ಕಾಣಿಕೆ.

ಗೋಡೆ ಉಪ್ಪು ಕಾರುತ್ತದೆ.
ಎರಡು ಕೋಟು ಪ್ರೈಮರ್ ಕುಡಿದೂ
ಸವರಿದರೆ ಅಂಗೈಗೆ ಹಿಟ್ಟು.

ಎರಡನೆಯ ಸಾಲು, ತಾಯಿ ಮಗುವಿನ ಮರಣ ತಗ್ಗಿಸುವುದು.
ನಮ್ಮ ಅತ್ತಿಗೆ ಹೋದದ್ದು ಮಣಿಪಾಲದ ದಾರಿಯಲ್ಲಿ,
ಅಂಬುಲೆನ್ಸಿನಲ್ಲಿ, ಭಟ್ಕಳ ಇನ್ನೂ ದಾಟಿರಲಿಲ್ಲ.
'ತಗ್ಗಿಸುವುದು' ಬರೆಯುವಾಗ ಕೈ ನಿಧಾನವಾಯಿತು.
ಐದೇ ಅಕ್ಷರ.

ಮೂರನೆಯ ಸಾಲಿಗೆ ಕಿಟಕಿ ಅಡ್ಡ ಬಂತು.
'ಎಲ್ಲ' ಈಚೆ, 'ರಿಗೂ' ಆಚೆ,
ನಡುವೆ ಮೂರಡಿ ಸರಳು,
ಸರಳಿನೊಳಗೆ ಬೆಳಗಿನ ಮಂದಿ:
ತೊಡೆಯ ಮೇಲೆ ಕೂಸು, ಕೈಯಲ್ಲಿ ತಾಯಿ ಕಾರ್ಡು,
ಕಾಲಿಗೆ ಬ್ಯಾಂಡೇಜು ಸುತ್ತಿದ ದೋಣಿಯವ,
ಕೆಮ್ಮು ಬಂದಾಗೆಲ್ಲ ಸೆರಗಿಗೆ ಬಾಯಿ ಕೊಡುವ ಒಬ್ಬಳು.
ತಪ್ಪಾಯಿತೆನ್ನಿಸಿತು. ಬಿಟ್ಟೆ.
ದೂರ ನಿಂತು ಓದಿದರೆ ಸರಿಯಾಗಿಯೇ ಇತ್ತು.

ಐದನೆಯ ಸಾಲು 'ಯಾರೊಬ್ಬರೂ ಹೊರಗುಳಿಯದಂತೆ'.
'ಹೊರಗು' ತನಕ ಬಂದು ಕುಂಚ ತೊಳೆಯುತ್ತಿದ್ದೆ,
ಬೀರಮ್ಮ ಅಂಬಿಗ ಬಂದಳು,
ಮೊಣಕಾಲ ತನಕ ಕೆಸರು, ಬುಟ್ಟಿಯಲ್ಲಿ ಬಳಚು.
ಬುಟ್ಟಿ ಹೊರಗಿಟ್ಟು ಒಳಹೋಗಿ
ಯಂತ್ರಕ್ಕೆ ಹೆಬ್ಬೆರಳು ಕೊಟ್ಟಳು.
ಕೆಂಪು ದೀಪ.
ತೋರುಬೆರಳು. ಕೆಂಪು.
ಸೀರೆಗೆ ಒರೆಸಿ, ಊದಿ, ತಲೆಯ ಎಣ್ಣೆ ಸವರಿ, ಮತ್ತೆ.
ಮೂವತ್ತೆಂಟು ವರ್ಷ ಹೊಳೆಯ ತಳ ಕೆರೆದ ಬೆರಳು;
ಚಿಪ್ಪಿನ ಅಂಚು ಒಂದೊಂದೇ ಗೆರೆ ತಿಂದು ಮುಗಿಸಿದೆ.
"ಎಂಟು ದಿನ ನೀರಿಗೆ ಇಳೀಬೇಡ, ಗೆರೆ ಮತ್ತೆ ಹುಟ್ತದೆ,"
ಅಂದರು ಯಾರೋ ಬೆಂಚಿನಿಂದ.
"ಎಂಟು ದಿನ ಗೆರೆ ಉಂಡ್ಕಂಡು ಇರ್ಲಾ?"

ಹೊರಬಂದು ನನ್ನ ಡಬ್ಬಿಯಲ್ಲಿ ಬೆರಳದ್ದಿ
ಹಳೆ ಪೇಪರಿಗೆ ಒತ್ತಿದಳು, ತಮಾಷೆಗೆ.
ನೀಲಿ ಹುಣ್ಣಿಮೆ. ಒಂದು ಕಲೆ ಇಲ್ಲ.
"ಹಣೆಬರನೂ ಹಿಂಗೇ ಸವೆದು ಹೋಗಿದ್ರೆ
ಚಲೋ ಆಗ್ತಿತ್ತು ಮಾರಾಯ."
ನಕ್ಕೆವು. ನಗುವಾಗ ಅವಳು ಗೋಡೆ ಹಿಡಿದದ್ದು
ತಲೆ ತಿರುಗಿ ಎಂದು ನನಗೆ ಆಮೇಲೆ ತಿಳಿಯಿತು.

ಪ್ರಿಸಿಲ್ಲಾಬಾಯಿ ಆ ತನಕ ಮಾತಾಡಿರಲಿಲ್ಲ.
ಅವಳನ್ನು ಒಳಗೆ ಕೂರಿಸಿ, ಯಂತ್ರ ಬದಿಗೆ ಸರಿಸಿ,
ಮೇಜಿನ ಕೆಳಖಾನೆಯಿಂದ ರಟ್ಟು ಹರಿದ ಪುಸ್ತಕ ತೆಗೆದರು.
ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಕಿವಿಗೊಟ್ಟು,
ಗುಂಡಗೆ ಬರೆದರು:
ಬೀರಮ್ಮ ಅಂಬಿಗ. ನೂರ ಎಪ್ಪತ್ತು, ನೂರು. ಮಾತ್ರೆ ಮೂವತ್ತು.
ಕಡೆಯ ಕಾಲಂ 'ಗುರುತು'.
ಪೆನ್ನು ತುಸು ನಿಂತಿತು.
'ನನಗೆ ಗೊತ್ತು.'

"ಮೇಲಿನವ್ರು ಕೇಳಿದ್ರೆ?" ಎಂದೆ ಕಿಟಕಿಯಿಂದ.
"ಕೇಳ್ಲಿ. ಇವಳ ಎರಡು ಹೆರಿಗೆ ನಾನೇ ಮಾಡಿಸಿದ್ದು,
ಒಂದು ದೋಣಿಯಲ್ಲಿ."
ಎಂದು ಮುಂದಿನವರನ್ನು ಕರೆದರು.

ಹೊಳೆಯಲ್ಲಿ ಭರತಿ ಏರುತ್ತಿತ್ತು.
ಮಾತ್ರೆ ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ತಲೆಗೆತ್ತಿ
ಬೀರಮ್ಮ ಪೇಟೆಯ ಟೆಂಪೋ ಹಿಡಿಯಲು ಓಡಿದಳು.
ಬಳಚು ಬಾಯಿ ಬಿಟ್ಟರೆ ಯಾರೂ ಕೊಳ್ಳುವುದಿಲ್ಲ.
ಓಡಬೇಡವೇ ಎಂದು ಒಳಗಿನಿಂದ ಒಂದು ಕೂಗು.

ಸಂಜೆ ಬಿಲ್ಲಿಗೆಂದು ಎಣಿಸಿದೆ.
ಇನ್ನೂರ ಹದಿನಾರು ಅಕ್ಷರ. ಕಿಟಕಿ ಲೆಕ್ಕಕ್ಕಿಲ್ಲ.
ಏಳನೆಯ ಸಾಲಿನ ಕೆಳಗೆ
ನನ್ನ ಹೆಸರು, ಮೊಬೈಲ್ ನಂಬರು ಹಾಕುವ ಜಾಗದಲ್ಲಿ
ಕುಂಚ ಹಿಡಿದು ಸುಮ್ಮನೆ ನಿಂತಿದ್ದೆ.
ಗುರುತು: ನನಗೆ ಗೊತ್ತು.
ಎಂಟು ಅಕ್ಷರ, ಒಂದು ಒತ್ತು.
ಯಾರೂ ಆರ್ಡರು ಕೊಟ್ಟಿಲ್ಲ.
ಡಬ್ಬಿಯಲ್ಲಿ ಬಣ್ಣ ಮಾತ್ರ
ಇನ್ನೂ ಸ್ವಲ್ಪ ಉಳಿದಿತ್ತು.