ಮಂಗಳವಾರದ ಪಾಳಿ

ಹಳೆಯ ಹಾಜರಿ ಪುಸ್ತಕದಲ್ಲಿ ಬರೆಯುತ್ತಿದ್ದೇನೆ,
ಹೆಸರು, ಬಂದ ಹೊತ್ತು, ಹೋದ ಹೊತ್ತು, ಓವರ್‌ಟೈಮು
ಅನ್ನುವ ಗೆರೆಗಳ ನಡುವೆ ಅಕ್ಷರ ಕುಗ್ಗಿಸಿ.
ಶಾಲೆಯಿಂದ ಶುರುಮಾಡಿದೆ, ತಟ್ಟೆಗೆ ಬಂದು ನಿಂತಿತು.
ಅವ್ವನಿಂದ ಶುರುಮಾಡಿದೆ, ಅದೂ ತಟ್ಟೆಗೇ.
ನನ್ನ ಕತೆಗೆ ಬೇರೆ ಬಾಗಿಲೇ ಇಲ್ಲವೇನೋ.

ಮುಸಫ್ಫಾದ ಕ್ಯಾಂಪು, ಮೂರನೇ ಮಹಡಿ, ಒಂಬತ್ತು ಜನ.
ಅಡುಗೆಯ ಪಾಳಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದರು.
ಮಂಗಳವಾರ ನನ್ನದು.
ತೆಲುಗರ ಅಂಗಡಿಯ ಪುಂಡಿಸೊಪ್ಪು ತಂದು ಪಲ್ಯ ಮಾಡಿದೆ.
ಎರಡು ಸಲ ಹಾಕಿಸಿಕೊಂಡು ಉಂಡ ಶಾಂತವೀರಪ್ಪ
ಬೆರಳು ನೆಕ್ಕುತ್ತ ಕೇಳಿದ:
‘ಗಂಗಾವತಿ ಕಡೆ ಅಂದ್ಯಲ್ಲ, ಊರೊಳಗೋ, ಹೊರಗೋ?’

ಸುಳ್ಳು ಹೇಳಬಹುದಿತ್ತು.
ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿತ್ತು,
ಅದರಲ್ಲೂ ಆ ಕಾಲಂ ಇರಲಿಲ್ಲ.
‘ಹೊರಗ’ ಅಂದೆ.

ಮರುವಾರ ನನ್ನ ಹೆಸರಿನ ಮೇಲೆ ನೀಲಿ ಗೆರೆ.
‘ಬಿಸಿಲಾಗ ದುಡಿದು ದಣಿದಿರ್ತಿ,
ಅಡಗಿ ಚಿಂತಿ ನಿನಗ್ಯಾಕ ತಮ್ಮಾ, ಮಲಕೋ.’
ಎಂಥ ಪ್ರೀತಿ ನೋಡಿ.
ಅದೇ ಬಿಸಿಲಲ್ಲಿ ಅವನೂ ನನ್ನ ಪಕ್ಕದಲ್ಲೇ ಸರಳು ಕಟ್ಟುತ್ತಿದ್ದ.

ಅವ್ವ, ಸಾಹುಕಾರರ ಮದುವೆಗಳಲ್ಲಿ
ಎಲ್ಲರೂ ಕೈತೊಳೆದ ಮೇಲೆ ಸೆರಗೊಡ್ಡಿ ನಿಂತವಳು.
ಮೇಲಿಂದ ಬಿದ್ದ ಅನ್ನ ಬಿಸಿಯಾಗಿದ್ದದ್ದು ನಾ ಕಾಣೆ.
ಸಂತೆಯ ದಿನ ಬೋಟಿಯನ್ನು ಸೌದೆ ಹೊರೆಯಲ್ಲಿ ಮುಚ್ಚಿ
ಊರ ಸುತ್ತು ಹಾಕಿ ತರುತ್ತಿದ್ದಳು,
ಯಾರ ಮೂಗಿಗೂ ತಾಗದ ಹಾಗೆ.
ಇಲ್ಲಿ ಅದೇ ಬೋಟಿ
ಬಿಳಿಯ ತಟ್ಟೆಯಲ್ಲಿ ಪ್ಲಾಸ್ಟಿಕ್ಕು ಹೊದ್ದು ತಣ್ಣಗೆ ಮಲಗಿದೆ,
ಬೆಲೆಚೀಟಿ ಹಚ್ಚಿಕೊಂಡು, ಹನ್ನೆರಡು ದಿರಂ.
ಫೋಟೋ ಕಳಿಸಿದೆ.
‘ಯಾರೂ ಏನೂ ಅನ್ನಂಗಿಲ್ಲೇನು?’ ಅಂದಳು.
ಸ್ವಲ್ಪ ಹೊತ್ತು ಬಿಟ್ಟು, ‘ಚೆಂದಾಗಿ ತೊಳದಾರ.’

ಕ್ಯಾಂಪಿನ ಕಕ್ಕಸು ತೊಳೆಯುವ ಯಾಕೂಬ್ ಮಸೀಹ್
ಸಿಯಾಲ್‌ಕೋಟಿನವನು.
ಚಹಾದ ಹೊತ್ತಿಗೆ ತನ್ನ ಲೋಟ ತಾನೇ ತರುತ್ತಾನೆ,
ಬೆರೆಯದಿರಲೆಂದು ಕೆಂಪು ದಾರ ಸುತ್ತಿದ್ದಾನೆ.
ಅವನ ಊರಿನವರು ಅವನಿಗೂ ಮೇಲಿಂದಲೇ ಸುರಿಯುತ್ತಾರೆ.
ಬೇರೆ ದೇಶ, ಬೇರೆ ದೇವರು,
ಕೈ ಎತ್ತುವ ಎತ್ತರ ಮಾತ್ರ ಅಳೆದಿಟ್ಟಂತೆ ಅದೇ.

ಈಗ ಮಂಗಳವಾರ ರಾತ್ರಿ
ಮೆಟ್ಟಿಲ ಕೆಳಗೆ, ಕದ್ದ ಕರೆಂಟಿನ ಒಲೆಯಲ್ಲಿ
ನಾನು ಬೋಟಿ ಬೇಯಿಸುತ್ತೇನೆ.
ಯಾಕೂಬ್ ಖುಬ್ಬೂಸ್ ತರುತ್ತಾನೆ.
ಸಿಮೆಂಟಿನ ಚೀಲ ಹಾಸಿ, ಒಂದೇ ಪಾತ್ರೆಗೆ ಎರಡು ಕೈ.
ಅವನು ನನ್ನ ಕೇರಿ ಕೇಳಲಿಲ್ಲ,
ಖಾರ ಹೆಚ್ಚಾಯಿತೆಂದು ಬೈದ.
ವಾಸನೆ ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ಹೋಯಿತು.
ಹೋಗಲಿ.

ನಿನ್ನೆ ಶಾಂತವೀರಪ್ಪ ತಾನಾಗೇ ಬಂದ,
ಬಾಗಿಲ ಹೊರಗೇ ನಿಂತು ಕೇಳಿದ:
‘ಆ ಪುಂಡಿಪಲ್ಯಕ್ಕ ಏನ್ ಹಾಕಿದ್ದಿ?
ನಾವು ಮಾಡಿದ್ರ ಆ ರುಚಿ ಬರವಲ್ದು.’
ಹೇಳಿದೆ. ಬೆಳ್ಳುಳ್ಳಿ, ಹಸಿಮೆಣಸು, ಹಿಡಿ ನುಚ್ಚು.
ಉಳಿದದ್ದನ್ನು ಹೇಳಲಿಲ್ಲ,
ಇಲ್ಲಿ ಬರೆದಿದ್ದೇನೆ,
ಓವರ್‌ಟೈಮಿನ ಕಾಲಂನಲ್ಲಿ.